ಎಮ್ಮೆಯ ರಕ್ತ ಪರೀಕ್ಷೆಗೆ ಕಳಿಸುವಾಗ

ಕುಷ್ಟಗಿ, ಯಲಬುರ್ಗಾ ಕಡೆ ಬೇಸಿಗೆಯಾಗ ಎಮ್ಮೆಗೆ ಜೋಳದ ಕಣಿಕಿಯೇ ಗತಿ. ಅದರಲ್ಲಿ ರಂಜಕ ಕಡಿಮೆ. ಎಮ್ಮೆ ಎಲುಬು ಕಡಿಯುತ್ತಿದ್ದರೆ, ಮಣ್ಣು ನೆಕ್ಕುತ್ತಿದ್ದರೆ ಪಶುವೈದ್ಯರಿಂದ ರಕ್ತ ತೆಗೆಸಿರಿ. ರಂಜಕದ ಸೂಜಿ ಹಾಕುವ ಮೊದಲೇ ತೆಗೆಯಬೇಕು.

ನಳಿಕೆ ಒಣಗಿದ್ದು, ಔಷಧಿ ಹಾಕದ್ದೇ ಬೇಕು. ಇಡಿಟಿಎ ಹಾಕಿದ್ದಾದರೆ ಅದು ಸುಣ್ಣದಂಶ ಹಿಡಿದು ಲೆಕ್ಕ ಕೆಡಿಸುತ್ತದೆ. ನಳಿಕೆ ಅಲ್ಲಾಡಿಸಬಾರದು. ರಕ್ತಕಣ ಒಡೆದರೆ ಒಳಗಿನ ರಂಜಕ ಹೊರಬಂದು, ಇದ್ದ ಕೊರತೆ ಕಾಣದಂಗ ಆಗುತ್ತದೆ. ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ, ಹೆಪ್ಪುಗಟ್ಟಿದ ಮೇಲೆ, ಎರಡು ತಾಸಿನೊಳಗೆ, ದವಾಖಾನೆಯಲ್ಲಿ ಮೇಲಿನ ತಿಳಿ, ಅಂದರೆ ಸೀರಂ, ಬೇರೆ ಮಾಡಿಸಿ ಬರ್ಫದ ಡಬ್ಬಿಯಲ್ಲಿ ಕಳಿಸಿರಿ. ಚೀಟಿಯಲ್ಲಿ ಕಿವಿ ಓಲೆಯ ನಂಬರು, ಈದ ತಾರೀಖು, ಮೇವು ಬರೆಯಿರಿ.

ಈದ ಎಮ್ಮೆ ಕೆಂಪು ಉಚ್ಚೆ ಹೊಯ್ದರೆ ಮಾತ್ರ ವರದಿಗೆ ಕಾಯಬ್ಯಾಡ್ರಿ. ಅಂದೇ ಚಿಕಿತ್ಸೆ ಆಗಬೇಕು.