ಬೋಟಿಗೆ ಹೊರಟವರಿಗೊಂದು ಮಾತು

ಮೂಡುಬಿದಿರೆ, ಬೆಳ್ತಂಗಡಿ ಕಡೆಯಿಂದ ಮಲ್ಪೆಗೋ ಮಂಗಳೂರು ದಕ್ಕೆಗೋ ಮೀನುಗಾರಿಕೆ ಕೆಲಸಕ್ಕೆ ಹೋಗುವ ತಮ್ಮಂದಿರೇ, ಬಲೆ ಎಳೆಯುವ ವಿಂಚ್ ಅರೆಕ್ಷಣದಲ್ಲಿ ಬೆರಳು ನುಂಗುತ್ತದೆ. ಒದ್ದೆ ಹಗ್ಗದ ಸುರುಳಿಯೊಳಗೆ ಕಾಲಿಡಬೇಡಿ.

ಆದರೂ ಪೆಟ್ಟಾಯಿತೆನ್ನಿ. ಆಸ್ಪತ್ರೆಯಲ್ಲಿ ‘ಮನೆಯಲ್ಲಿ ಬಿದ್ದೆ’ ಅನ್ನಬೇಡಿ, ಯಾರು ಹೇಳಿಕೊಟ್ಟರೂ ಸರಿ. ‘ಬೋಟಿನಲ್ಲಿ, ಕೆಲಸದ ಹೊತ್ತಿಗೆ’ ಎಂದೇ ಬರೆಸಿ. ಆ ಒಂದು ಸಾಲಿನ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. ಕೆಲಸದಲ್ಲಾದ ಗಾಯಕ್ಕೆ ಮಾಲೀಕರು ಪರಿಹಾರ ಕೊಡಬೇಕೆಂಬ ಕಾನೂನು 1923ರಷ್ಟು ಹಳೆಯದು. ಕೈತಪ್ಪಿ ಆದದ್ದಕ್ಕೂ ಅದು ಸಲ್ಲುತ್ತದೆ. ಕುಡಿದಿದ್ದರೆ ಹಕ್ಕಿಗೆ ಕುತ್ತು ಬರಬಹುದು. ಎರಡು ವರ್ಷದೊಳಗೆ ಅರ್ಜಿ ಹಾಕಿ. ಅದಕ್ಕಾಗಿ ಮಲ್ಪೆಗೆ ಅಲೆಯಬೇಕಿಲ್ಲ, ನೀವು ವಾಸವಿರುವ ಊರಿನ ವ್ಯಾಪ್ತಿಯಲ್ಲೇ ಹಾಕಬಹುದು. ಖರ್ಚಿನ ಚಿಂತೆಯಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.

ಮತ್ಸ್ಯಸಂಪದ ಯೋಜನೆಯ ಅಪಘಾತ ವಿಮೆಗೆ ನಿಮ್ಮ ಹೆಸರು ಸೇರಿದೆಯೇ ಎಂದು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ. ಸಾವಿಗೆ, ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ ರೂಪಾಯಿ. ಭಾಗಶಃ ಆದರೆ ಎರಡೂವರೆ ಲಕ್ಷ.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟಿನ ಏಳು ಮಂದಿ ಮರಳಲೇ ಇಲ್ಲ. ಹಾಗಾಗಿ ನೀವು ಹೋಗುವ ಬೋಟಿನ ಹೆಸರು, ನೋಂದಣಿ ಸಂಖ್ಯೆ, ಮಾಲೀಕರ ಫೋನು, ವಿಮೆಯ ಚೀಟಿ ಇವೆಲ್ಲದರ ಒಂದು ಪ್ರತಿ ಅಮ್ಮನ ಕೈಯಲ್ಲಿರಲಿ.