ಸೊನ್ನಲಿಗೆ ಗ್ರಹ ಖಾಲಿ ಮಾಡಿಸೋಣ: ಹೊಸಬರಿಗೊಂದು ಆಟ, ಹಂತ ಹಂತವಾಗಿ

ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಮಾತಿನಲ್ಲೇ ಕಥೆ ಕಟ್ಟುವ ಆಟ 1974ರಲ್ಲಿ ಅಮೆರಿಕದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಮೂಲಕ ಪೇಟೆಗೆ ಬಂತು. 1977ರ ‘ಟ್ರಾವೆಲರ್’ ಇದೇ ಆಟವನ್ನು ಬಾಹ್ಯಾಕಾಶದಲ್ಲಿ ಆಡಿಸಿತು. ಸೊಲ್ಲಾಪುರ, ಅಕ್ಕಲಕೋಟದ ಮನೆಗಳಲ್ಲಿ ನಮ್ಮ ಗಡಿಕನ್ನಡದಲ್ಲೇ ಇದನ್ನು ಆಡಬಹುದು. ಬೇಕಾಗುವುದು ಲೂಡೋದ ಎರಡು ದಾಳ, 40 ಜೋಳದ ಕಾಳು, ಹಾಳೆ, ಪೆನ್ಸಿಲ್ಲು, ಐದು ಜನ. ಒಬ್ಬರು ಕಥೆ ನಡೆಸುವ ಸೂತ್ರಧಾರ, ನಾಲ್ವರು ಆಟಗಾರರು.

ಹಂತ 1: ಆಪತ್ತು ಆರಿಸಿ. ಸೂರ್ಯ ಉಬ್ಬಿ ಗ್ರಹ ನುಂಗುವ ಕಥೆ ಬೇಡ, ಅದಕ್ಕೆ ಸುಮಾರು 500 ಕೋಟಿ ವರ್ಷ ಕಾಯಬೇಕು. ನಮಗೆ ಅವಸರ ಬೇಕು. ಸೊಲ್ಲಾಪುರ, ಅಕ್ಕಲಕೋಟದವರು ಹೋಗಿ ನೆಲೆಸಿದ ‘ಸೊನ್ನಲಿಗೆ’ ಎಂಬ ಗ್ರಹಕ್ಕೆ ಆರು ದಿನದಲ್ಲಿ ದೊಡ್ಡ ಕ್ಷುದ್ರಗ್ರಹ ಅಪ್ಪಳಿಸಲಿದೆ. ಅಷ್ಟರೊಳಗೆ ಜನರನ್ನು ಬಾಹ್ಯಾಕಾಶ ಹಡಗಿಗೆ ಹತ್ತಿಸಬೇಕು. ಒಂದು ದಿನಕ್ಕೆ ಒಂದು ಸುತ್ತು.

ಹಂತ 2: ಊರಿನ ಅಳತೆ ಹಿಡಿಯಿರಿ. 2011ರ ಜನಗಣತಿಯಂತೆ ಸೊಲ್ಲಾಪುರ ನಗರದಲ್ಲಿ ಸುಮಾರು 9.5 ಲಕ್ಷ ಜನ. ಹಳೆಯ ಮಾದರಿಯ ಸ್ಲೀಪರ್ ಡಬ್ಬಿಯಲ್ಲಿ 72 ಬರ್ತು. 20 ಡಬ್ಬಿಯ ರೈಲಿಗೆ 1,440. ಅಷ್ಟು ಜನರನ್ನು ಸಾಗಿಸಲು ಸುಮಾರು 660 ರೈಲು ಬೇಕು. ಅರ್ಧ ಗಂಟೆಗೊಂದು ಬಿಟ್ಟರೂ ಹದಿನಾಲ್ಕು ದಿನ! ಮೊದಲ ಆಟಕ್ಕೆ ಅಕ್ಕಲಕೋಟದಷ್ಟು, ಅಂದರೆ ಸುಮಾರು 40 ಸಾವಿರ ಜನರ ಊರು ಸಾಕು. ಒಂದು ಕಾಳು ಅಂದರೆ ಸಾವಿರ ಜನ. ಮಗ್ಗದ ಓಣಿ, ಕೋಟೆ, ಸ್ಟೇಶನ್, ಆಸ್ಪತ್ರೆ, ಹೊಲದ ವಸ್ತಿ ಎಂದು ಎಂಟೆಂಟು ಕಾಳಿನ ಐದು ಗುಂಪು ಮಾಡಿ.

ಹಂತ 3: ಪಾತ್ರ ಹಂಚಿ. ಹಡಗಿನ ಚಾಲಕಿ, ಯಂತ್ರ ರಿಪೇರಿಯವ, ಕನ್ನಡ ಶಾಲೆಯ ಮಾಸ್ತರು, ದವಾಖಾನೆಯ ನರ್ಸು. ಪ್ರತಿಯೊಬ್ಬರೂ ಹಾಳೆಯಲ್ಲಿ ಮೂರು ಸಾಲು ಬರೆಯಲಿ: ಹೆಸರು, ಪಳಗಿದ ಕೆಲಸ, ಬಿಟ್ಟು ಹೋಗಲಾರದ ಒಂದು ವಸ್ತು ಅಥವಾ ಮನುಷ್ಯ. ಮೂರನೆಯ ಸಾಲು ಹೊಳೆಯದಿದ್ದರೆ ಮನೆಯ ಹಿರಿಯರನ್ನು ಕೇಳಿ. 1980ರಲ್ಲಿ ಪೂರ್ಣಗೊಂಡ ಉಜನಿ ಜಲಾಶಯಕ್ಕಾಗಿ ಭೀಮೆಯ ದಡದ ಎಷ್ಟೋ ಮನೆತನ ಎದ್ದು ಹೋಗಿವೆ; 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನಂತರ ಅನೇಕ ಹಳ್ಳಿಗಳು ಬೇರೆ ಜಾಗದಲ್ಲಿ ಎದ್ದಿವೆ. ‘ಏಳುವಾಗ ಮೊದಲು ಏನು ಕಟ್ಟಿಕೊಂಡ್ರಿ?’ ಎಂದು ಕೇಳಿದರೆ ಸಾಕು, ಪಾತ್ರ ತಾನಾಗಿ ಮೂಡುತ್ತದೆ.

ಹಂತ 4: ದಾಳ ಹಾಕಿ. ಪ್ರತಿ ಸುತ್ತಿನಲ್ಲಿ ಆಟಗಾರ ಮೊದಲು ಯಾವ ಗುಂಪಿಗಾಗಿ ಏನು ಮಾಡುತ್ತೇನೆಂದು ಹೇಳಬೇಕು, ಆಮೇಲೆ ದಾಳ. ಎರಡು ದಾಳದ ಮೊತ್ತ 8 ಅಥವಾ ಹೆಚ್ಚು ಬಂದರೆ ಗೆಲುವು, ಆ ಗುಂಪಿನ ಎರಡು ಕಾಳು ಹಡಗಿಗೆ. ಈ 8ರ ಲೆಕ್ಕ ‘ಟ್ರಾವೆಲರ್’ನದು. ಪಳಗಿದ ಕೆಲಸಕ್ಕೆ 1 ಕೂಡಿಸಿ. ಆಗ 36 ಸಾಧ್ಯತೆಗಳಲ್ಲಿ 21 ಗೆಲುವಿನವು.

ಹಂತ 5: ಸೋಲನ್ನೂ ಕಥೆಯಾಗಿಸಿ. ‘ಆಗಲಿಲ್ಲ’ ಎಂದಷ್ಟೇ ಹೇಳಿ ಸೂತ್ರಧಾರ ಸುಮ್ಮನಾಗಬಾರದು. ರಸ್ತೆ ಕಟ್ಟಿಕೊಂಡಿತು, ಸುಳ್ಳು ಸುದ್ದಿ ಹಬ್ಬಿತು, ಚಾದರ ನೇಯುವ ಮುದುಕಿ ಬಾಗಿಲು ಹಾಕಿಕೊಂಡಳು.

“ನಾ ಎಲ್ಲೂ ಬರಂಗಿಲ್ಲ. ನೀವ ಹೋಗ್ರಿ.”

“ಆಯಿ, ಮಗ್ಗ ಅಲ್ಲೂ ಹೂಡೂಣು. ಮೊದಲ ನೀ ಏಳು.”

ಇಂಥ ಮಾತಿಗೆ ಎರಡು ನಿಮಿಷ ಕೊಡಿ. ಮಾತು ಮನಸ್ಸಿಗೆ ತಾಕಿದರೆ ಮುಂದಿನ ದಾಳಕ್ಕೆ ಇನ್ನೊಂದು 1 ಕೂಡಿಸಿ.

ಹಂತ 6: ಸಾಮಾನಿಗೂ ಬೆಲೆ ಕಟ್ಟಿ. ದೊಡ್ಡ ವಸ್ತು ಹಡಗೇರಿದರೆ ಒಂದು ಕಾಳು ಕೆಳಗಿಳಿಯಬೇಕು. ನಾಲ್ಕನೆಯ ಸುತ್ತಿನಲ್ಲಿ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯ ಏಳು ನಂದಿಧ್ವಜಗಳನ್ನು ಹೊತ್ತು ಜನ ಬರಲಿ. ಏಳೂ ಹೋಗಬೇಕೆ, ಒಂದು ಸಾಕೆ, ಯಾವುದು? ಸೂತ್ರಧಾರ ತೀರ್ಪು ಕೊಡಬಾರದು, ಆಟಗಾರರೇ ಜಗಳಾಡಿ ತೀರ್ಮಾನಿಸಲಿ.

ಹಂತ 7: ಕಾಳು ಎಣಿಸಿ. ನಾಲ್ವರು ಆರು ಸುತ್ತು ಆಡಿದರೆ 24 ಪ್ರಯತ್ನ. ಎಲ್ಲರೂ ಪಳಗಿದ ಕೆಲಸವನ್ನೇ ಮಾಡಿದರೆ ಸರಾಸರಿ 14 ಗೆಲುವು, 28 ಕಾಳು. ಉಳಿದ ಹನ್ನೆರಡು ಯಾವ ಓಣಿಯವು, ಆ ಓಣಿಯ ಸರದಿ ಯಾಕೆ ಕೊನೆಗೆ ಬಂತು ಎಂದು ಪ್ರತಿಯೊಬ್ಬರೂ ತಮ್ಮ ಪಾತ್ರದ ಬಾಯಲ್ಲೇ ಹೇಳಲಿ.

ಚಿಕ್ಕ ಮಕ್ಕಳಿದ್ದರೆ ಪಳಗಿದ ಕೆಲಸಕ್ಕೆ 2 ಕೂಡಿಸಿ. ಸರಾಸರಿ 34ರ ಆಸುಪಾಸು ಏರುತ್ತದೆ. ದೊಡ್ಡವರಿಗೆ ಮಾತ್ರ ಲೆಕ್ಕ ಸಡಿಲಿಸಬೇಡಿ. ಎಲ್ಲರಿಗೂ ಜಾಗ ಸಿಕ್ಕರೆ ಯಾರು ಮೊದಲು ಎಂಬ ಪ್ರಶ್ನೆಯೇ ಏಳದು, ಆಟ ಬರೀ ದಾಳದಾಟವಾಗುತ್ತದೆ.