ಪಂಪಿನ ಮೋಟಾರು ಮಿತಿಮೀರಿ ಕರೆಂಟು ಎಳೆದಾಗ ಮಾಡತಕ್ಕ ಪರೀಕ್ಷೆ

ರೋಣ, ನರಗುಂದ ಮತ್ತು ಗಜೇಂದ್ರಗಡದ ಸೀಮೆಯಲ್ಲಿ ಬಾವಿ, ಕೊಳವೆಬಾವಿ, ಹಳ್ಳಗಳ ನೀರನ್ನೆತ್ತುವ ಕೆಲಸವು ಈಗ ಬಹುಮಟ್ಟಿಗೆ ವಿದ್ಯುತ್ ಮೋಟಾರಿನದಾಗಿದೆ. ಉಳ್ಳಾಗಡ್ಡಿ, ಮೆಣಸಿನಕಾಯಿಗಳಿಗೆ ನೀರು ಬೇಕಾದ ಹೊತ್ತಿನಲ್ಲಿ ಮೋಟಾರು ಸುಟ್ಟರೆ, ಅದರ ಸುರುಳಿ ಕಟ್ಟಿಸುವ ವೆಚ್ಚಕ್ಕಿಂತ ಬೆಳೆಯ ಹಾನಿಯೇ ಹೆಚ್ಚಾಗಬಹುದು.

ಸ್ಟಾರ್ಟರು ಮೇಲಿಂದ ಮೇಲೆ ಬೀಳುವುದು ಎಚ್ಚರಿಕೆಯ ಕುರುಹು. ಆಗ ರಿಲೇಯ ಮಿತಿಯನ್ನು ಏರಿಸುವುದಾಗಲಿ, ಫ್ಯೂಜಿಗೆ ದಪ್ಪ ತಂತಿ ಕಟ್ಟುವುದಾಗಲಿ ಕಾವಲುಗಾರನ ಬಾಯಿ ಕಟ್ಟಿದಂತೆ. ಮೊದಲು ಕಾರಣವನ್ನು ಕಂಡುಹಿಡಿಯತಕ್ಕದ್ದು.

ಮೋಟಾರಿನ ಫಲಕದಲ್ಲಿ ಪೂರ್ಣ ಹೊರೆಯ ಆಂಪಿಯರು ಬರೆದಿರುವುದು. ನೆಲದ ಮೇಲಿಡುವ 5 ಅಶ್ವಶಕ್ತಿಯ, 415 ವೋಲ್ಟಿನ, ಮೂರು ಫೇಸಿನ ಮೋಟಾರಿಗೆ ಅದು ಸುಮಾರು 7ರಿಂದ 8. ಕೊಳವೆಬಾವಿಯ ಮೋಟಾರಿಗೆ ತುಸು ಹೆಚ್ಚು. ಚಾಲೂ ಮಾಡುವ ಕ್ಷಣದಲ್ಲಿ ಇದರ 5–6 ಪಟ್ಟು ಏರುವುದು ದೋಷವಲ್ಲ. ಓಟ ನೆಲೆಗೊಂಡ ಬಳಿಕ, ಬಲ್ಲ ಕೆಲಸಗಾರನಿಂದ ಮೂರೂ ತಂತಿಗಳ ಕರೆಂಟನ್ನು ಅಳೆಯಿಸಬೇಕು.

(1) ಮೂರರಲ್ಲಿಯೂ ಸಮನಾಗಿ ಹೆಚ್ಚಿದ್ದರೆ ವೋಲ್ಟೇಜನ್ನು ನೋಡಬೇಕು. ಹೊರೆ ಅಷ್ಟೇ ಇದ್ದು ವೋಲ್ಟೇಜು ಹತ್ತರಲ್ಲೊಂದು ಪಾಲು ಇಳಿದರೆ, ಕರೆಂಟು ಹೆಚ್ಚುಕಡಿಮೆ ಅಷ್ಟೇ ಪಾಲು ಏರುವುದು. ವೋಲ್ಟೇಜು ಸರಿಯಿದ್ದರೆ ದೋಷ ಹೊರೆಯಲ್ಲಿದೆ: ಸವೆದ ಬೇರಿಂಗು, ಅತಿ ಬಿಗಿಯಾದ ಪಟ್ಟಿ, ಪಂಪಿನಲ್ಲಿ ಸಿಕ್ಕ ಮರಳು. ನೆಲದ ಮೇಲಿನ ಪಂಪಾದರೆ, ಮುಖ್ಯ ಸ್ವಿಚ್ಚನ್ನು ತೆಗೆದ ಮೇಲೆಯೇ ದಂಡವನ್ನು ಕೈಯಿಂದ ತಿರುಗಿಸಿ ನೋಡಬೇಕು. ಹೆಚ್ಚು ಎತ್ತರಕ್ಕೆಂದು ಮಾಡಿದ ಪಂಪನ್ನು ಬೆಣ್ಣೆಹಳ್ಳದ ದಂಡೆಯಂತಹ ತಗ್ಗಿನ ಎತ್ತುವಿಕೆಗೆ ಹೂಡಿದರೂ ಅದು ಹೆಚ್ಚು ನೀರು ತಳ್ಳುತ್ತ ಹೆಚ್ಚು ಕರೆಂಟು ಎಳೆಯುವುದು. ನೀರು ಹೊರಡುವ ಕೊಳವೆಯ ವಾಲ್ವನ್ನು ತುಸು ಮುಚ್ಚಿದರೆ ಇಳಿಯುವುದು.

(2) ಎರಡರಲ್ಲಿ ಬಹಳ ಹೆಚ್ಚಿದ್ದು ಮೂರನೆಯದರಲ್ಲಿ ಏನೂ ಇಲ್ಲದಿದ್ದರೆ ಒಂದು ಫೇಸು ಹೋಗಿದೆ. ಮೋಟಾರನ್ನು ಒಡನೆಯೇ ನಿಲ್ಲಿಸಬೇಕು, ತಡಮಾಡಿದರೆ ಸುಡುವುದು.

(3) ಒಂದರಲ್ಲಿ ಮಾತ್ರ ಹೆಚ್ಚಿದ್ದರೆ, ವಿದ್ಯುತ್ತನ್ನು ಕಡಿದು, ಮೋಟಾರಿನ ಮೂರೂ ತಂತಿಗಳನ್ನು ಸ್ಟಾರ್ಟರಿನಲ್ಲಿ ಒಂದೊಂದು ಸ್ಥಾನ ಮುಂದಕ್ಕೆ ಸರಿಸಿ ಕಟ್ಟಿಸಿ ಪುನಃ ಅಳೆಯಿಸಬೇಕು. ಇದರಿಂದ ತಿರುಗುವ ದಿಕ್ಕು ಬದಲಾಗದು. ಹೆಚ್ಚಳವು ಮೊದಲಿನ ಲೈನಿನಲ್ಲಿಯೇ ಉಳಿದರೆ ದೋಷ ಸರಬರಾಜಿನದು; ತಂತಿಯೊಡನೆ ಸರಿದರೆ ಮೋಟಾರಿನದು ಅಥವಾ ಅದರ ಕೇಬಲಿನದು.

ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ಎಲ್ಲರೂ ಏಕಕಾಲಕ್ಕೆ ಮೋಟಾರು ಹೂಡಿದರೆ ಎಲ್ಲರ ವೋಲ್ಟೇಜೂ ಕುಸಿಯುವುದು. ಆದಕಾರಣ ಗ್ರಾಮದ ಹಿರಿಯರು ಸರತಿಯನ್ನು ಗೊತ್ತುಪಡಿಸಬೇಕು. ಸರಬರಾಜಿನ ದೋಷವಿದ್ದಲ್ಲಿ ಅಳತೆಯ ಅಂಕಿಗಳೊಡನೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ ಸ್ಥಳೀಯ ಕಚೇರಿಗೆ ಬರೆದು ತಿಳಿಸಬೇಕು. ಕಂಬವನ್ನಾಗಲಿ ಟ್ರಾನ್ಸ್‌ಫಾರ್ಮರನ್ನಾಗಲಿ ರೈತರು ತಾವೇ ಮುಟ್ಟಕೂಡದು. ಸುಟ್ಟ ಮೋಟಾರನ್ನು ಮತ್ತೆ ಕಟ್ಟಿಸಬಹುದು. ಹೋದ ಜೀವವು ಮರಳಿ ಬಾರದು.